ಪ್ರತಿ ಜನವರಿ ಶುರು, ಫೆಬ್ರವರಿಗೆ ಬಂದ್: ಬೈಬಲ್ ಓದು ದಿನದ ರೂಢಿ ಆಗುವುದು ಹೇಗೆ?

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿದ್ದೇವೆ, ಬ್ಯಾಂಕಿನಲ್ಲಿ ಕೆಲಸ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಇದ್ದಾರೆ. ನಾಲ್ಕು ವರ್ಷದಿಂದ ಪ್ರತಿ ಜನವರಿ 1ಕ್ಕೆ ಸತ್ಯವೇದ (ಬೈಬಲ್) ಓದಲು ಶುರು ಮಾಡುತ್ತೇನೆ. ದಿನಕ್ಕೆ ಮೂರು ಅಧ್ಯಾಯ, ರಾತ್ರಿ ಮಲಗುವ ಮುಂಚೆ. ಫೆಬ್ರವರಿ ಮೊದಲ ವಾರಕ್ಕೆ ನಿಂತುಹೋಗುತ್ತದೆ. ಈ ಸಲ ಮೂರನೇ ಪುಸ್ತಕ ಯಾಜಕಕಾಂಡದ 13ನೇ ಅಧ್ಯಾಯದಲ್ಲಿ ನಿಂತೆ. ಆಮೇಲೆ ಆ ಪುಸ್ತಕ ಕಣ್ಣಿಗೆ ಬಿದ್ದರೇ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ನನ್ನಲ್ಲಿ ಭಕ್ತಿಯೇ ಕಮ್ಮಿಯೇನೋ. ಇತ್ತೀಚೆಗೆ ಅತ್ತೆಗೆ ಕಣ್ಣು ಮಂಜಾಗಿ ಓದಲು ಆಗುತ್ತಿಲ್ಲ, ಅವರಿಗೆ ಓದಿ ಹೇಳಬೇಕು ಅಂತ ಆಸೆ. ನನ್ನದೇ ನಿಂತು ನಿಂತು ಹೋಗುವಾಗ ಅದು ಹೇಗೆ ಸರ್? ದಾರಿ ತಿಳಿಸಿ.

ಉತ್ತರ:

ಸಹೋದರಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಯಾಜಕಕಾಂಡ 13. ಅದರಲ್ಲಿ 59 ವಚನಗಳಿವೆ. ಮೈಮೇಲಿನ ಬಾವು, ಬಿಳಿ ಮಚ್ಚೆ, ಬೆಳ್ಳಗಾದ ಕೂದಲು, ಕೊನೆಗೆ ಬಟ್ಟೆಗೆ ಹತ್ತಿದ ಬೂಷ್ಟು, ಇವನ್ನೆಲ್ಲ ಯಾಜಕನು ಹೇಗೆ ನೋಡಬೇಕು, ಯಾವುದನ್ನು ಏಳು ದಿನ ಬೇರೆ ಇಡಬೇಕು ಅಂತ ಒಂದೊಂದಾಗಿ ಹೇಳುವ ಅಧ್ಯಾಯ ಅದು. ಊಟದ ಪಾತ್ರೆ ತೊಳೆದಿಟ್ಟು, ಮಕ್ಕಳನ್ನು ಮಲಗಿಸಿ, ಕಣ್ಣು ಎಳೆಯುವ ಹೊತ್ತಿನಲ್ಲಿ ಇದನ್ನು ಹಿಡಿದು ಕೂತರೆ ಯಾರಿಗಾದರೂ ನಿಂತುಹೋಗುತ್ತದೆ. ಮೂವತ್ತು ವರ್ಷದಿಂದ ಸಭೆಗಳಲ್ಲಿ ಬೈಬಲ್ ಅಧ್ಯಯನ ನಡೆಸುತ್ತಾ ಬಂದಿದ್ದೇನೆ. ಯಾಜಕಕಾಂಡದಲ್ಲಿ ನಿಂತವರನ್ನು ಎಷ್ಟು ಜನರನ್ನು ಕಂಡಿದ್ದೇನೋ ಲೆಕ್ಕವಿಲ್ಲ. ಭಕ್ತಿ ಇಲ್ಲದೆ ನಿಂತವರು ಅವರಲ್ಲಿ ತೀರಾ ಕಮ್ಮಿ. ಹಾಗಾಗಿ ಆ ಸಂಶಯವನ್ನು ಮೊದಲು ಪಕ್ಕಕ್ಕಿಡಿ.

ನೀವೇ ಲೆಕ್ಕ ಹಾಕಿ ನೋಡಿ. ಆದಿಕಾಂಡ 50 ಅಧ್ಯಾಯ. ದಿನಕ್ಕೆ ಮೂರರಂತೆ ಜನವರಿ 17ಕ್ಕೆ ಮುಗಿಯುತ್ತದೆ. ಅಬ್ರಹಾಮ, ಯಾಕೋಬ, ಯೋಸೇಫ, ಒಂದು ಕಥೆ ಮುಗಿಯುವುದರೊಳಗೆ ಇನ್ನೊಂದು, ಓದು ತಾನಾಗಿಯೇ ಸಾಗುತ್ತದೆ. ವಿಮೋಚನಕಾಂಡದ ಮೊದಲ ಅರ್ಧವೂ ಹಾಗೆಯೇ. 25ನೇ ಅಧ್ಯಾಯದಿಂದ ಆರಾಧನೆಯ ಗುಡಾರದ ಅಳತೆಗಳು ಶುರುವಾಗುತ್ತವೆ: ಹಲಗೆ ಎಷ್ಟು, ಪರದೆ ಎಷ್ಟು ಮೊಳ, ಕೊಂಡಿ ಯಾವ ಲೋಹದ್ದು. 40 ಅಧ್ಯಾಯ ಜನವರಿ 30ಕ್ಕೆ ಮುಗಿಯುತ್ತದೆ. ಅಲ್ಲಿಂದ ಯಾಜಕಕಾಂಡ, 27 ಅಧ್ಯಾಯ, ಬಹುಪಾಲು ಯಜ್ಞದ ನಿಯಮಗಳು, ಶುದ್ಧ ಅಶುದ್ಧದ ನಿಯಮಗಳು. ಹೊಸ ವರ್ಷದ ಹುರುಪು ಇಳಿಯುವ ದಿನಕ್ಕೂ ಇಡೀ ಬೈಬಲಿನಲ್ಲೇ ಓದಲು ಕಷ್ಟವಾದ ಭಾಗ ಎದುರಾಗುವ ದಿನಕ್ಕೂ ಸರಿಯಾಗಿ ತಾಳೆಯಾಗುತ್ತದೆ. ಪ್ರತಿ ವರ್ಷ ಒಂದೇ ವಾರದಲ್ಲಿ ನಿಮ್ಮ ಓದು ನಿಲ್ಲುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅದು ಬಾಕಿ.

ಒಂದು ದಿನ ತಪ್ಪಿದರೆ ನಾಳೆಗೆ ಆರು ಅಧ್ಯಾಯ. ಮಗುವಿಗೆ ಜ್ವರ ಬಂದು ನಾಲ್ಕು ದಿನ ತಪ್ಪಿದರೆ ಹದಿನೈದು. ನೀವು ಬ್ಯಾಂಕಿನಲ್ಲಿದ್ದೀರಿ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಎರಡು ಕಂತು ತಪ್ಪಿದವರು ಆಮೇಲೆ ಬ್ಯಾಂಕಿನ ರಸ್ತೆಯಲ್ಲೇ ಓಡಾಡುವುದಿಲ್ಲ. ಪುಸ್ತಕ ಕಂಡರೆ ನಿಮಗೆ ಆಗುವ ಸಂಕಟವೂ ಅದೇ ಜಾತಿಯದು. ಓದುವ ಆಸೆ ಹೋಗಿಲ್ಲ, ಬಾಕಿ ತೀರಿಸುವ ಧೈರ್ಯ ಹೋಗಿದೆ. ನನಗೂ ಇದು ಆಗಿತ್ತು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಓದುವ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ದಿನವೂ ಗುರುತು ಹಾಕುತ್ತಿದ್ದೆ. ಮಾರ್ಚ್‌ನಲ್ಲಿ ಒಂಬತ್ತು ದಿನ ಮಲೇರಿಯಾ. ಎದ್ದ ಮೇಲೆ ಒಂದು ಭಾನುವಾರ ಊಟ ಮುಗಿಸಿ ಕೂತವನು ದೀಪ ಹಚ್ಚುವ ತನಕ 27 ಅಧ್ಯಾಯ ಓದಿ ಮುಗಿಸಿದೆ. ಗೋಡೆಯ ಮೇಲೆ ಎಲ್ಲಾ ಚೌಕಗಳೂ ತುಂಬಿದವು. ರಾತ್ರಿ ತಂದೆ ಊಟಕ್ಕೆ ಕೂತಾಗ ‘ಏನು ಓದಿದೆಯಪ್ಪಾ’ ಅಂತ ಕೇಳಿದರು. ಒಂದು ಮಾತು ನೆನಪಿಗೆ ಬರಲಿಲ್ಲ. ಆ ಮೌನ ಇವತ್ತಿಗೂ ನನಗೆ ನೋವು ಕೊಡುತ್ತದೆ.

ನೀವು ಪ್ರತಿ ವರ್ಷ ಜನವರಿ 22ರ ಸುಮಾರಿಗೆ ವಿಮೋಚನಕಾಂಡ 16 ಓದಿರುತ್ತೀರಿ. ಮನ್ನದ ಅಧ್ಯಾಯ, ದೇವರು ಕೊಟ್ಟ ಆಹಾರದ ಕಥೆ. ಮರುಭೂಮಿಯಲ್ಲಿ ಜನ ಬೆಳಿಗ್ಗೆ ಎದ್ದು ಆ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕು. ತಲೆಗೆ ಒಂದು ಓಮೆರ್, ಅದು ಆಗಿನ ಒಂದು ಅಳತೆ. ಕೆಲವರು ನಾಳೆಗೆ ಅಂತ ಉಳಿಸಿದರು, ಅದಕ್ಕೆ ಹುಳ ಬಿತ್ತು, ನಾತ ಹೊಡೆಯಿತು. ಆರನೇ ದಿನ ಮಾತ್ರ ಎರಡರಷ್ಟು, ಯಾಕೆಂದರೆ ಮಾರನೇ ದಿನ ಸಬ್ಬತ್, ಕೆಲಸ ಮಾಡದ ವಿಶ್ರಾಂತಿಯ ದಿನ. ಈ ಅಧ್ಯಾಯದಲ್ಲಿ ಇನ್ನೊಂದು ವಿಷಯ ಗಮನಿಸಿ. ‘ನಿನ್ನೆ ಕೂಡಿಸದಿದ್ದವನು ಇವತ್ತು ಎರಡು ಓಮೆರ್ ಕೂಡಿಸಬೇಕು’ ಅಂತ ಎಲ್ಲೂ ಇಲ್ಲ. ನಿನ್ನೆಯದು ನಿನ್ನೆಗೇ ಹೋಯಿತು, ಇವತ್ತಿನದು ಅಂಗಳದಲ್ಲಿ ಬಿದ್ದಿದೆ. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಅಂತ ನಾವು ಪ್ರತಿ ಭಾನುವಾರ ಕೇಳುವುದೂ ಈ ಹೊತ್ತಿನದನ್ನೇ ಅಲ್ವಾ?

ಹಾಗಾಗಿ ನನ್ನ ಮೊದಲನೇ ಮಾತು ಇಷ್ಟೇ. ಬಾಕಿಯನ್ನು ಪೂರ್ತಿ ಮನ್ನಾ ಮಾಡಿ. ಯಾಜಕಕಾಂಡ 13ರಿಂದ ಮುಂದುವರಿಸಬೇಡಿ, ಜನವರಿಗೂ ಕಾಯಬೇಡಿ. ನಾಳೆ ಬೆಳಿಗ್ಗೆ ಬೇರೆ ಪುಸ್ತಕ, ಬೇರೆ ಹೊತ್ತು, ಬೇರೆ ಅಳತೆ. ಮುಂದೆಯೂ ಯಾವತ್ತಾದರೂ ತಪ್ಪಿದರೆ, ತಪ್ಪಿದ್ದನ್ನು ಓದಿ ಸರಿಮಾಡಲು ಹೋಗಬೇಡಿ. ಪುಸ್ತಕದಲ್ಲಿ ಗುರುತು ಎಲ್ಲಿದೆಯೋ ಅಲ್ಲಿಂದಲೇ ಮುಂದಕ್ಕೆ. ಗುರುತಿಗೆ ತಾರೀಕಿನ ಹಂಗು ಬೇಡ.

ವರ್ಷದ ಪಟ್ಟಿಗಳೇ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಅವುಗಳಲ್ಲಿ ತುಂಬಾ ಹೆಸರಾದದ್ದು 1842ರಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ ತಮ್ಮ ಸಭೆಗಾಗಿ ಮಾಡಿದ್ದು. ದಿನಕ್ಕೆ ನಾಲ್ಕು ಅಧ್ಯಾಯದ ಹಾಗೆ ಓದಿದರೆ ವರ್ಷಕ್ಕೆ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗುತ್ತವೆ. ಇವತ್ತಿಗೂ ಲೋಕದ ಎಷ್ಟೋ ಕಡೆ ಜನ ಅದನ್ನು ಅನುಸರಿಸುತ್ತಾರೆ. ಆದರೆ ಮೆಕ್‌ಚೇನ್ ಪಟ್ಟಿಯ ಜೊತೆಗೇ ಅದರಿಂದ ಆಗಬಹುದಾದ ಅಪಾಯಗಳನ್ನೂ ಬರೆದಿದ್ದರು. ಸುಮ್ನೆ ಶಾಸ್ತ್ರಕ್ಕೆ ಓದುವುದು, ಓದಿದೆ ಅಂತ ಬೀಗುವುದು, ಗಮನವಿಲ್ಲದೆ ಓದುವುದು, ಕೆಲವರಿಗೆ ಅದು ಹೊರಲಾಗದ ನೊಗ ಆಗುವುದು. ಪಟ್ಟಿ ಮಾಡಿದವರೇ ಹೀಗೆ ಹೇಳಿದ್ದು ಪಟ್ಟಿಯ ಜೊತೆಗೆ ನಮ್ಮ ಕೈಗೆ ಬರುವುದಿಲ್ಲ. ಮೊದಲೇ ಓದು ರೂಢಿಯಾದವರಿಗೆ ಆ ಪಟ್ಟಿ ಒಳ್ಳೆಯ ದಾರಿ. ರೂಢಿ ಮಾಡಿಕೊಳ್ಳಲು ಹೊರಟವರಿಗೆ ಅದು ಭಾರ ಜಾಸ್ತಿ.

ಈಗ ಹೊತ್ತಿನ ವಿಷಯ. ರಾತ್ರಿ ಬಿಡಿ. ನಿಮ್ಮ ದಿನದಲ್ಲಿ ರಾತ್ರಿ ಅಂದರೆ ಉಳಿದ ಕೆಲಸಗಳೆಲ್ಲ ಬಂದು ಬೀಳುವ ಜಾಗ. ರೂಢಿ ಹೇಗೆ ಆಗುತ್ತದೆ ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದ್ದರು. ಒಬ್ಬೊಬ್ಬರೂ ಒಂದು ಸಣ್ಣ ಕೆಲಸ ಆರಿಸಿಕೊಂಡು, ‘ಬೆಳಗಿನ ತಿಂಡಿ ಆದ ಮೇಲೆ’ ಎಂಬಂಥ ಒಂದು ಗೊತ್ತಾದ ಹೊತ್ತಿಗೆ ಅದನ್ನು ಕಟ್ಟಿಕೊಂಡಿದ್ದರು. ಅದು ಯೋಚಿಸದೇ ಕೈಗೆ ಬರುವ ಹಂತ ಮುಟ್ಟಲು ಸಾಮಾನ್ಯವಾಗಿ 66 ದಿನದ ಹತ್ತಿರ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಅವರ ಲೆಕ್ಕ ತೋರಿಸಿತು. ಜನ ಹೇಳುವ ‘21 ದಿನದಲ್ಲಿ ರೂಢಿ’ ಎಂಬ ಮಾತನ್ನು ನಂಬಿ, 22ನೇ ದಿನ ಇನ್ನೂ ಕಷ್ಟ ಅನಿಸಿದ್ದಕ್ಕೆ ಬಿಟ್ಟವರು ನನ್ನ ತರಗತಿಯಲ್ಲೇ ಇದ್ದಾರೆ. ಆ ಅಧ್ಯಯನದಲ್ಲಿ ನಮಗೆ ತುಂಬಾ ಬೇಕಾದ ಮಾತು ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಹಾಗಾಗಿ ಗಡಿಯಾರಕ್ಕಿಂತ ಒಂದು ಕೆಲಸಕ್ಕೆ ಕಟ್ಟಿ. ‘ಬೆಳಿಗ್ಗೆ ಆರಕ್ಕೆ’ ಅಂದರೆ ಆರೂ ಹತ್ತಕ್ಕೆ ಎಚ್ಚರವಾದ ದಿನ ಮನಸ್ಸು ‘ಇವತ್ತು ಹೋಯಿತು’ ಅನ್ನುತ್ತದೆ. ‘ಕಾಫಿ ಲೋಟ ಕೈಗೆ ಬಂದ ಮೇಲೆ’ ಅಂದರೆ, ಕಾಫಿಯಂತೂ ತಪ್ಪುವುದಿಲ್ಲ. ನಾನು ಅಡುಗೆಮನೆಯ ಮೇಜಿನ ಹತ್ತಿರವೇ ಓದುತ್ತೇನೆ. ಕಿಟಕಿ ಕಡೆಯ ಕುರ್ಚಿ. ಪುಸ್ತಕ ಅಲ್ಲೇ ಇರುತ್ತದೆ, ಕಪಾಟಿಗೆ ಹೋಗುವುದೇ ಇಲ್ಲ. ಅದರ ಮಾರ್ಕನ ಪುಟಗಳಲ್ಲಿ ಒಗ್ಗರಣೆಯ ಎಣ್ಣೆ ಸಿಡಿದ ಕಲೆ ಇದೆ, ಕಾಫಿ ಲೋಟದ ಒಂದು ಉಂಗುರ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಬೈಬಲನ್ನು ಜಿಪ್ ಇರುವ ಕವರಿನಲ್ಲಿ ಹಾಕಿ, ಅದರೊಳಗೆ ಗರಿಗಳ ಭಾನುವಾರ ಕೊಟ್ಟ ಒಣಗಿದ ಗರಿ, ತೀರಿಕೊಂಡವರ ಫೋಟೋ, ಕಾಣಿಕೆ ಕವರು ಎಲ್ಲವನ್ನೂ ಸೇರಿಸಿ, ಕಪಾಟಿನ ಮೇಲಿನ ಖಾನೆಯಲ್ಲಿ ಇಡುತ್ತೇವೆ. ಗೌರವಕ್ಕೇ ಹಾಗೆ ಮಾಡುವುದು, ನನಗೆ ಗೊತ್ತು. ಆದರೆ ಸ್ಟೂಲ್ ಹತ್ತಿ, ಕವರು ಇಳಿಸಿ, ಜಿಪ್ ತೆಗೆದು ಓದಬೇಕಾದ ಪುಸ್ತಕವನ್ನು ಕೆಲಸದ ದಿನ ಯಾರೂ ತೆಗೆಯುವುದಿಲ್ಲ. ಭಾನುವಾರ ಸಭೆಗೆ ಒಯ್ಯುವ ಪುಸ್ತಕ ಕಪಾಟಿನಲ್ಲೇ ಇರಲಿ. ಮೇಜಿನ ಮೇಲೆ ಇಡಲು ಇನ್ನೊಂದು ಪ್ರತಿ ತನ್ನಿ, ಕಲೆಯಾದರೂ ಆಗಲಿ.

ಯಾವ ಪುಸ್ತಕದಿಂದ ಶುರು ಮಾಡಬೇಕು? ಮಾರ್ಕ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ತುಂಬಾ ಚಿಕ್ಕದು, 16 ಅಧ್ಯಾಯ, ಸುಮಾರು 670 ವಚನ. ಮತ್ತಾಯ ವಂಶಾವಳಿಯಿಂದ ಶುರುವಾಗುತ್ತದೆ, ಮಾರ್ಕ ನೇರವಾಗಿ ಯೊರ್ದನ್ ಹೊಳೆಗೆ ಕರೆದುಕೊಂಡು ಹೋಗುತ್ತಾನೆ. ದಿನಕ್ಕೆ ಹತ್ತು ಹನ್ನೊಂದು ವಚನದ ಹಾಗೆ ಹೋದರೆ ಎರಡು ತಿಂಗಳ ಮೇಲೆ ಸ್ವಲ್ಪ ದಿನ ಹಿಡಿಯುತ್ತದೆ, ಅಂದರೆ ಆ 66 ದಿನದ ಹತ್ತಿರ ಹತ್ತಿರ. ಪುಸ್ತಕ ಮುಗಿಯುವ ಹೊತ್ತಿಗೆ ರೂಢಿಯೂ ಒಂದು ಹದಕ್ಕೆ ಬಂದಿರುತ್ತದೆ.

‘ದಿನಕ್ಕೆ ಒಂದು ಅಧ್ಯಾಯವಾದರೂ ಬೇಡವಾ?’ ಅಂತ ಕೇಳುತ್ತೀರಿ. ಕಡ್ಡಾಯವೇನಿಲ್ಲ. ಅಧ್ಯಾಯಗಳು ಬರೆದವರು ಮಾಡಿದ ಭಾಗಗಳಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ ಶುರುವಿನದು, ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದು ಅನ್ನುತ್ತಾರೆ. ಹೊಸ ಒಡಂಬಡಿಕೆಯ ಈಗಿನ ವಚನಗಳ ಅಂಕಿ ಇನ್ನೂ ಈಚಿನದು, 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ ಹಾಕಿದ್ದು. ವಿಳಾಸ ಹುಡುಕಲು ಅವು ಬೇಕು. ಓದಿನ ಅಳತೆಗೆ ಅವೇ ಬೇಕು ಅಂತಿಲ್ಲ. ಕೀರ್ತನೆ 119 ಒಂದೇ ಅಧ್ಯಾಯ, 176 ವಚನ. ಕೀರ್ತನೆ 117 ಕೂಡ ಒಂದು ಅಧ್ಯಾಯ, ಎರಡೇ ವಚನ. ಕಥೆ ಎಲ್ಲಿ ಒಂದು ತಿರುವಿಗೆ ಬರುತ್ತದೋ ಅಲ್ಲಿ ನಿಲ್ಲಿಸಿ.

ಓದುವುದು ಹೇಗೆ ಅಂತ ಒಂದು ಭಾಗ ತೋರಿಸುತ್ತೇನೆ. ಮಾರ್ಕ 1, ವಚನ 29ರಿಂದ 31. ಮೂರೇ ವಚನ. ಬೇಕೆಂದೇ ಇದನ್ನು ಆರಿಸಿದ್ದೇನೆ, ಯಾಕೆಂದರೆ ಇದರಲ್ಲೂ ಒಬ್ಬ ಅತ್ತೆ ಇದ್ದಾಳೆ. ಸಬ್ಬತ್ ದಿನ. ಯೇಸು ಸಭಾಮಂದಿರದಿಂದ ಹೊರಟು ಶಿಷ್ಯ ಸೀಮೋನನ ಮನೆಗೆ ಬರುತ್ತಾನೆ. ಸೀಮೋನನ ಅತ್ತೆ ಜ್ವರ ಬಂದು ಮಲಗಿದ್ದಾಳೆ. ಮನೆಯವರು ಕೂಡಲೇ ಆಕೆಯ ವಿಷಯ ಆತನಿಗೆ ಹೇಳುತ್ತಾರೆ. ಆತನು ಹತ್ತಿರ ಬಂದು, ಕೈ ಹಿಡಿದು, ಎಬ್ಬಿಸುತ್ತಾನೆ. ಜ್ವರ ಬಿಡುತ್ತದೆ. ಆಕೆ ಎದ್ದು ಅವರಿಗೆ ಉಪಚಾರ ಮಾಡುತ್ತಾಳೆ. ಮುಗಿಯಿತು.

ಮೊದಲನೇ ಸಲ ಓದಿದರೆ ಅರ್ಧ ನಿಮಿಷವೂ ಬೇಡ. ಎರಡನೇ ಸಲ ನಿಧಾನವಾಗಿ ಓದಿ, ಆ ಮನೆಯೊಳಗೆ ನಿಂತು ನೋಡಿ. ಯಾರು ಯಾರು ಇದ್ದಾರೆ? ಸೀಮೋನ, ಅವನ ತಮ್ಮ ಅಂದ್ರೆಯ, ಇನ್ನಿಬ್ಬರು ಶಿಷ್ಯರಾದ ಯಾಕೋಬ, ಯೋಹಾನ. ಆಕೆ ಬೇಡಿಕೊಳ್ಳಲಿಲ್ಲ, ಮಲಗಿದ್ದಳು. ಮನೆಯವರು ಹೇಳಿದರು. ನಮ್ಮ ಪ್ರಾರ್ಥನೆ ಎಷ್ಟೋ ಸಲ ಇಷ್ಟೇ ಆಗಿರುತ್ತದೆ, ಮನೆಯಲ್ಲಿ ಮಲಗಿರುವವರ ವಿಷಯ ಹೇಳುವುದು. ಆತನು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರೂ ಸಾಕಿತ್ತು, ಆದರೆ ಹತ್ತಿರ ಹೋದ, ಕೈ ಹಿಡಿದ. ಇದೇ ಘಟನೆ ಲೂಕ 4ರಲ್ಲೂ ಇದೆ, ಅಲ್ಲಿ ಆತನು ಬಗ್ಗಿ ನೋಡಿ ಜ್ವರವನ್ನು ಗದರಿಸುತ್ತಾನೆ. ಕೈ ಹಿಡಿದು ಎಬ್ಬಿಸಿದ್ದನ್ನು ಹೇಳುವುದು ಮಾರ್ಕನೇ. ಇವತ್ತು ನಿಮಗೆ ಸಿಗುವುದು ಆ ಒಂದು ಕೈ ಆಗಿರಬಹುದು. ಬ್ಯಾಂಕಿನ ಕೌಂಟರಿನಲ್ಲಿ ಕೂತಾಗ ಮಧ್ಯಾಹ್ನ ಅದು ಒಮ್ಮೆ ನೆನಪಾದರೆ ಆ ದಿನದ ಓದು ಸಾರ್ಥಕ.

ಓದಿ ಮುಗಿಸಿದ ಮೇಲೆ ಆ ವಚನದ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದಾಗಿ ತಾರೀಕು ಬರೆಯಿರಿ. ನನ್ನ ಪುಸ್ತಕದಲ್ಲಿ ಕೆಲವು ಕಡೆ ಐದಾರು ತಾರೀಕುಗಳಿವೆ. ಒಂದು ತಾಯಿ ತೀರಿಕೊಂಡ ವಾರದ್ದು, ಒಂದು ಮಗಳು ಹುಟ್ಟಿದ ತಿಂಗಳದ್ದು. ಅರ್ಥವಾಗದ ಕಡೆ ಒಂದು ಪ್ರಶ್ನೆ ಗುರುತು ಹಾಕಿ ಮುಂದಕ್ಕೆ ಹೋಗಿ. ನಿಂತು ಒದ್ದಾಡಬೇಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಆ ಪುಟ ತೆರೆದು ನಿಮ್ಮ ಪಾಸ್ಟರಿಗೆ ತೋರಿಸಿ. ಅವರಿಗೆ ಅದಕ್ಕಿಂತ ಸಂತೋಷದ ವಿಷಯ ಇಲ್ಲ, ನಂಬಿ.

ಮತ್ತೆ, ಬಾಯಿಬಿಟ್ಟು ಓದಿ. ಇದು ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನು ಅಂತ ಬರುತ್ತದಲ್ಲ, ಅಲ್ಲಿನ ಹೀಬ್ರೂ ಪದ ‘ಹಾಗಾ’. ಅದರ ಅರ್ಥ ಮೆಲ್ಲನೆ ಗುನುಗುವುದು, ಬಾಯೊಳಗೆ ಹೇಳಿಕೊಳ್ಳುವುದು. ಯೆಶಾಯ 31ರಲ್ಲಿ ಸಿಂಹ ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ ಇದೇ ಪದ. ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದದ್ದು ಫಿಲಿಪ್ಪ ಎಂಬ ಸುವಾರ್ತಿಕನಿಗೆ ಕೇಳಿಸಿತು. ಯಾಕೆ ಕೇಳಿಸಿತು? ತನಗಾಗಿ ಓದಿಕೊಳ್ಳುತ್ತಿದ್ದರೂ ಅವನು ಗಟ್ಟಿಯಾಗಿ ಓದುತ್ತಿದ್ದ. ಆಗಿನ ಕಾಲದಲ್ಲಿ ಹಾಗೆ ಓದುವುದೇ ವಾಡಿಕೆ. ಈ ಪುಸ್ತಕದ ಬಹುಭಾಗ ಕೇಳುವ ಜನರಿಗಾಗಿ ಬರೆದದ್ದು. ಕಣ್ಣು ಸಾಲುಗಳ ಮೇಲೆ ಜಾರಿಕೊಂಡು ಹೋಗುತ್ತದೆ, ನಾಲಿಗೆಗೆ ಹಾಗೆ ಜಾರಲು ಬರುವುದಿಲ್ಲ. ಬಾಯಿಬಿಟ್ಟು ಓದುವಾಗ ನಿದ್ದೆಯೂ ಹತ್ತಿರ ಸುಳಿಯುವುದಿಲ್ಲ.

ಅನುವಾದದ ವಿಷಯಕ್ಕೂ ಒಂದು ಮಾತು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ. ಆಮೇಲೆ ಮಂಗಳೂರು ಕಡೆಯ ಬಾಸೆಲ್ ಮಿಷನ್ನಿನವರೂ ಸೇರಿ ಅದನ್ನು ತಿದ್ದಿದರು. ನಾವು ಸಭೆಯಲ್ಲಿ ಓದುವ ‘ಸತ್ಯವೇದವು’ ಆ ಸಾಲಿನಲ್ಲಿ ಬಂದದ್ದು. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ ಸಾಲಿನ ಗಾಂಭೀರ್ಯ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಪೌಲನ ಪತ್ರಗಳಲ್ಲಿ ಅದೇ ಹಳೆಯ ಭಾಷೆಯ ಉದ್ದುದ್ದ ವಾಕ್ಯಗಳು ಇವತ್ತಿನ ಓದುಗರನ್ನು ದಾರಿ ತಪ್ಪಿಸುತ್ತವೆ. ರೋಮಾಪುರದವರಿಗೆ ಬರೆದ ಪತ್ರವನ್ನು ಮೂರು ಸಲ ಓದಿದರೂ ಕ್ರಿಯಾಪದ ಯಾರದ್ದು ಅಂತ ಗೊತ್ತಾಗದಿದ್ದರೆ ಅದು ನಿಮ್ಮ ತಪ್ಪಲ್ಲ. ಸರಳ ಕನ್ನಡದ ಅನುವಾದಗಳು ಈಗ ಒಂದಕ್ಕಿಂತ ಹೆಚ್ಚು ಸಿಗುತ್ತವೆ. ಮನೆ ಮೇಜಿಗೆ ಅಂಥದ್ದೊಂದು ತನ್ನಿ. ಅದನ್ನು ಓದಲು ಸಂಕೋಚ ಬೇಡ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳು ಮನೆಯಲ್ಲಿದ್ದರಂತೂ ಅದೇ ಒಳ್ಳೆಯದು.

ಫೋನಿನಲ್ಲಿ ಓದಬಹುದಾ? ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಖಂಡಿತ ಓದಿ. ಯೂವರ್ಷನ್ ಥರದ ಆ್ಯಪ್‌ಗಳಲ್ಲಿ ಕನ್ನಡ ಬೈಬಲ್ ಪುಕ್ಕಟೆ ಇದೆ, ಕೇಳುವ ಆಡಿಯೋ ಕೂಡ ಸಿಗುತ್ತದೆ. ಬೆಳಗಿನ ಮುಖ್ಯ ಓದಿಗೆ ಮಾತ್ರ ಫೋನು ಬೇಡ ಅಂತ ನನ್ನ ಅನುಭವ. ಮಾರ್ಕನ ಎರಡನೇ ವಚನಕ್ಕೇ ಮೇಲಿಂದ ಶಾಲೆಯ ಗ್ರೂಪಿನ ಮೆಸೇಜು ಇಳಿದು ಬರುತ್ತದೆ, ನೋಡದೇ ಇರಲು ಆಗುವುದಿಲ್ಲ. ಜೊತೆಗೆ ಆ ಆ್ಯಪ್‌ಗಳು ‘ಇಷ್ಟು ದಿನ ಬಿಡದೆ ಓದಿದ್ದೀರಿ’ ಅಂತ ಎಣಿಸುತ್ತಾ ಇರುತ್ತವೆ. 40 ದಿನ ಎಣಿಸಿ ಒಂದು ದಿನ ತಪ್ಪಿ ಮತ್ತೆ ಸೊನ್ನೆಗೆ ಬಂದಾಗ ಆಗುವ ಬೇಸರ ಇದೆಯಲ್ಲ, ಅದೇ ಹಳೆಯ ಬಾಕಿ ಇನ್ನೊಂದು ಬಾಗಿಲಿನಿಂದ ಬಂದ ಹಾಗೆ. ಆ ಎಣಿಕೆಯ ಕಡೆ ನೋಡಬೇಡಿ.

ಕೆಟ್ಟ ದಿನಗಳು ಬರುತ್ತವೆ. ಬ್ಯಾಂಕಿನಲ್ಲಿ ಮಾರ್ಚ್ ತಿಂಗಳ ಕೊನೆ ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಅಂಥ ದಿನಕ್ಕೆ ಒಂದು ಸಣ್ಣ ಪಾಠ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ನನ್ನದು ಕೀರ್ತನೆ 131. ಮೂರೇ ವಚನ, ತಾಯಿಯ ಮಡಿಲಲ್ಲಿ ಸುಮ್ಮನಿರುವ ಮೊಲೆಬಿಟ್ಟ ಕೂಸಿನ ಹಾಗೆ ನನ್ನ ಮನಸ್ಸನ್ನು ಸುಮ್ಮನಿರಿಸಿದ್ದೇನೆ ಎಂಬ ಮಾತು ಅದರಲ್ಲಿದೆ. ಒಂದು ನಿಮಿಷವೂ ಬೇಡ. ಅದನ್ನು ಓದಿದರೆ ಆ ದಿನ ಓದಿದ ಹಾಗೆಯೇ ಲೆಕ್ಕ, ಅರ್ಧ ಲೆಕ್ಕ ಅಲ್ಲ. ದುಃಖದ ದಿನಕ್ಕೆ ಕೀರ್ತನೆ 88 ಇದೆ. ಕೊನೆಯ ತನಕ ಕತ್ತಲೆಯಲ್ಲೇ ಮುಗಿಯುವ ಪ್ರಾರ್ಥನೆ ಅದು. ಮನೆಯಲ್ಲಿ ಸಾವಾದ ಮೇಲೆ ಓದಲು ಆಗುತ್ತಿಲ್ಲ ಅನ್ನುವವರಿಗೆ ನಾನು ಅದನ್ನೇ ತೆಗೆದುಕೊಡುತ್ತೇನೆ. ಬೈಬಲಿನಲ್ಲಿ ಇಂಥ ಮಾತಿಗೂ ಜಾಗ ಇದೆಯಾ ಅಂತ ಎಷ್ಟೋ ಜನ ಅತ್ತಿದ್ದಾರೆ.

ಮಾರ್ಕ ಮುಗಿದ ಮೇಲೆ? ರೂತಳ ಪುಸ್ತಕ ಓದಿ, ನಾಲ್ಕೇ ಅಧ್ಯಾಯ. ಅತ್ತೆ ಸೊಸೆಯ ಕಥೆ, ನಿಮ್ಮ ಮನೆಗೆ ಹೇಳಿ ಮಾಡಿಸಿದ್ದು. ಎರಡನೇ ಅಧ್ಯಾಯದಲ್ಲಿ ರೂತಳು ಬೇರೆಯವರ ಹೊಲದಲ್ಲಿ ಕೊಯ್ಯುವವರ ಹಿಂದೆ ಹಿಂದೆ ಹೋಗಿ ಬಿದ್ದ ತೆನೆ ಆರಿಸುತ್ತಾಳೆ. ಹೊಸ ಊರಿಗೆ ಬಂದ ಬಡ ವಿಧವೆಗೆ ಹಾಗೆ ಆರಿಸಲು ಯಾರು ಬಿಟ್ಟರು? ಆಗ ಯಾಜಕಕಾಂಡ 19 ತೆರೆಯಿರಿ, 9 ಮತ್ತು 10ನೇ ವಚನ. ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಬಡವರಿಗೂ ಪರದೇಶದವರಿಗೂ ಬಿಡು. ನೀವು ಪ್ರತಿ ಫೆಬ್ರವರಿ ಬಿಟ್ಟು ಬರುತ್ತಿದ್ದ ಪುಸ್ತಕವೇ ರೂತಳಿಗೂ ಅವಳ ಅತ್ತೆ ನೊವೊಮಿಗೂ ಊಟ ಹಾಕಿದ್ದು! ಅದೇ ಅಧ್ಯಾಯದ 18ನೇ ವಚನದಲ್ಲಿ ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಆಜ್ಞೆ ಇದೆ. ಯಾಜಕಕಾಂಡದ ಒಳಗೆ ಹೋಗಲು ಇದು ಒಳ್ಳೆಯ ಬಾಗಿಲು. ಯಜ್ಞದ ಅಧ್ಯಾಯಗಳನ್ನು ಇಬ್ರಿಯರಿಗೆ ಬರೆದ ಪತ್ರದ ಜೊತೆಗೆ ಓದುವ ದಿನವೂ ಬರುತ್ತದೆ, ಅವಸರ ಇಲ್ಲ.

ಆಮೇಲೆ ಲೂಕ, ಅದರ ಬೆನ್ನಿಗೇ ಅಪೊಸ್ತಲರ ಕೃತ್ಯಗಳು. ಎರಡೂ ಥೆಯೊಫಿಲ ಎಂಬ ಒಬ್ಬನೇ ವ್ಯಕ್ತಿಗೆ ಬರೆದ ಎರಡು ಭಾಗಗಳು. ಮುಂದೊಂದು ದಿನ ನಿಮಗೆ ಪಟ್ಟಿಯೇ ಬೇಕು ಅನಿಸಿದರೆ ಹೊಸ ಒಡಂಬಡಿಕೆಯ ಲೆಕ್ಕ ಸುಲಭ. 260 ಅಧ್ಯಾಯ, ವಾರಕ್ಕೆ ಐದು ದಿನ, ದಿನಕ್ಕೆ ಒಂದು, 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಶನಿವಾರ ಭಾನುವಾರ ಬಿಡುವು. ಕಥೋಲಿಕ ಓದುಗರು ಇದನ್ನು ಓದುತ್ತಿದ್ದರೆ, ನಿಮ್ಮ ಬೈಬಲಿನಲ್ಲಿ 73 ಪುಸ್ತಕಗಳಿವೆ, ಜೊತೆಗೆ ಪ್ರತಿ ದಿನದ ಪೂಜೆಗೆ ಗೊತ್ತಾದ ವಾಚನಗಳಿವೆ. ಪೂಜೆಗೆ ಹೋಗಲಾಗದ ದಿನವೂ ಆ ದಿನದ ವಾಚನವನ್ನು ಮನೆಯಲ್ಲಿ ಓದಿದರೆ ಸಾಕು, ಬೇರೆ ಪಟ್ಟಿ ಹುಡುಕಬೇಕಾಗಿಲ್ಲ. ನಿನ್ನೆಯ ವಾಚನ ನಿನ್ನೆಗೆ, ಇವತ್ತಿನದು ಇವತ್ತಿಗೆ. ಅದರಲ್ಲಿ ಬಾಕಿ ಅನ್ನುವುದೇ ಇಲ್ಲ, ನನಗೆ ಅದಕ್ಕೇ ಆ ಪದ್ಧತಿ ಇಷ್ಟ.

ಕೊನೆಗೆ ಅತ್ತೆಯವರ ವಿಷಯ. ನಿಮ್ಮ ಓದು ಗಟ್ಟಿಯಾದ ಮೇಲೆ ಅವರಿಗೆ ಓದಿ ಹೇಳೋಣ ಅಂದುಕೊಂಡಿದ್ದೀರಿ. ತಿರುಗಿಸಿ ನೋಡಿ. ನಾಳೆಯಿಂದಲೇ ಅವರ ಕಾಫಿ, ನಿಮ್ಮ ಕಾಫಿ ಒಟ್ಟಿಗೆ ತನ್ನಿ, ಅವರ ಪಕ್ಕ ಕೂತು ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ಅವರು ಕಾಯುತ್ತಾರೆ. ನೀವು ಮರೆತ ದಿನ ‘ಇವತ್ತು ಓದಲ್ವೇನಮ್ಮಾ’ ಅಂತ ಒಳಗಿನಿಂದ ಕೇಳುತ್ತಾರೆ. ಯಾವ ಆ್ಯಪ್‌ನ ಗಂಟೆಗೂ ಆ ದನಿಯ ಬಲ ಇಲ್ಲ. ಮಕ್ಕಳನ್ನು ಬಲವಂತವಾಗಿ ಕೂರಿಸಬೇಡಿ. ಅಜ್ಜಿಯ ಪಕ್ಕ ಯಾರೋ ಕಥೆ ಓದುತ್ತಿದ್ದರೆ ಅವರಾಗಿಯೇ ಸುಳಿದಾಡುತ್ತಾರೆ.

ಓದಿನ ಕೊನೆಗೆ ಅವರಿಗಾಗಿ ಒಂದು ಕೀರ್ತನೆ ಸೇರಿಸಿ. ಇದಕ್ಕೆ ಮಾತ್ರ ಸರಳ ಅನುವಾದ ಬೇಡ, ಅವರ ಹಳೆಯ ಸತ್ಯವೇದವನ್ನೇ ಕಪಾಟಿನಿಂದ ಇಳಿಸಿ. ಸಂಡೇ ಸ್ಕೂಲಿನಲ್ಲಿ ಕಂಠಪಾಠ ಮಾಡಿದ ಸಾಲುಗಳು ಅವರ ಬಾಯಲ್ಲಿ ಇರುವುದು ಆ ಭಾಷೆಯಲ್ಲೇ. 23ನೇ ಕೀರ್ತನೆಯ ಮೊದಲನೇ ವಚನ ಓದಿ, ಸ್ವಲ್ಪ ಹೊತ್ತು ಸುಮ್ಮನಿರಿ. ಎರಡನೆಯದನ್ನು ಅವರೇ ಹೇಳಬಹುದು.